ಲಾಭ, ಎರಡು, ಮೂರು

ಮಗಳು ಒಂದನೇ ತರಗತಿಗೆ ಸೇರಿದ ಮೇಲೆ ದಿನಾ ಸಂಜೆ ನಾನು ಅವಳನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ. “ಇವತ್ತು ಏನು ಬರೆಸಿದರು?”

“ಏನೂ ಇಲ್ಲ.”

“ಮತ್ತೇನು ಮಾಡಿದ್ರಿ?”

“ಆಡಿದ್ವಿ.”

ಅಷ್ಟೇ. ಬ್ಯಾಗು ಮೂಲೆಗೆ, ಅವಳು ಅಂಗಳಕ್ಕೆ. ನನಗೋ ಒಳಗೊಳಗೇ ಕಳವಳ. ಮೇ ಕೊನೆಗೆ ಶಾಲೆ ಶುರುವಾಗಿತ್ತು. ಜೂನ್ ಮುಗಿಯಿತು. ಪುಸ್ತಕದಲ್ಲಿ ಒಂದು ಅಕ್ಷರ ಇಲ್ಲ. ಇದ್ದದ್ದು ಬಣ್ಣ ಹಚ್ಚಿದ ಒಂದು ಮಾವಿನಕಾಯಿ, ಎಲೆ ಅಂಟಿಸಿದ ಒಂದು ಹಾಳೆ, ಗೆರೆ ಗೆರೆ ಗೀಚಿದ ಎರಡು ಪುಟ.

ನಮ್ಮದು ತಿಪಟೂರಿನ ಹತ್ತಿರದ ಒಂದು ಹಳ್ಳಿ. ಮಗಳು ಹೋಗುವುದು ಊರಿನ ಸರ್ಕಾರಿ ಶಾಲೆಗೆ. ಪೇಟೆಯ ಶಾಲೆಗೆ ವ್ಯಾನು ಬರುತ್ತದೆ. ನಮ್ಮ ಬೀದಿಯಲ್ಲೇ ಮೂರು ಮನೆಯ ಮಕ್ಕಳು ಆ ವ್ಯಾನು ಹತ್ತುತ್ತಾರೆ. ಅದೇ ವಯಸ್ಸಿನ ಮಕ್ಕಳು ಸಂಜೆ ಜಗಲಿಯ ಮೇಲೆ ಕೂತು ಪುಟಗಟ್ಟಲೆ ಬರೆಯುತ್ತಿದ್ದರೆ, ನಮ್ಮವಳು ಮಣ್ಣಲ್ಲಿ ಮನೆ ಕಟ್ಟುತ್ತಿರುತ್ತಾಳೆ. ಇದನ್ನು ನೋಡಿಕೊಂಡು ಸುಮ್ನೆ ಕೂರುವುದು ಯಾವ ತಾಯಿಗೂ ಸುಲಭ ಅಲ್ಲ.

ಹಾಗಾಗಿ ಜುಲೈನಲ್ಲಿ ಅವಳನ್ನು ಟ್ಯೂಷನ್‌ಗೆ ಹಾಕಿದೆವು. ಅಲ್ಲಿ ಅ ಆ ಇ ಈ, ಒಂದೊಂದೂ ಹತ್ತು ಸಲ. ಎರಡು ವಾರ ಹೋದಳು. ಮೂರನೇ ವಾರ ಸ್ಲೇಟು ಕಾಣೆಯಾಯಿತು. ಹುಡುಕಿದರೆ ರಾಗಿ ಮೂಟೆಯ ಹಿಂದೆ ಇತ್ತು, ಗೋಡೆಗೆ ಮುಖ ಮಾಡಿಕೊಂಡು. ಬಚ್ಚಿಟ್ಟವಳು ಅವಳೇ. ಟ್ಯೂಷನ್ ನಡೆಸುವವರ ಮೇಲೆ ನನಗೆ ಸಿಟ್ಟಿಲ್ಲ. ಪುಟ ತುಂಬಿಸಿ ಕಳಿಸಿ ಅಂತ ಅವರನ್ನು ಕೇಳಿಕೊಂಡವರು ನಾವೇ. ಆದರೆ ಆರು ವರ್ಷದ ಮಗು ಸ್ಲೇಟನ್ನು ಬಚ್ಚಿಡುತ್ತದೆ ಅಂದರೆ ಅದು ಸಣ್ಣ ವಿಷಯ ಅಲ್ಲ. ಮಾರನೇ ದಿನವೇ ಬಿಡಿಸಿದೆವು.

ಆ ಎರಡು ತಿಂಗಳ ಆಟದ ಹಿಂದೆ ಒಂದು ಲೆಕ್ಕಾಚಾರ ಇದೆ ಅಂತ ನನಗೆ ಆಮೇಲೆ ತಿಳಿಯಿತು. ಒಂದನೇ ತರಗತಿಯ ಮೊದಲ ಮೂರು ತಿಂಗಳಿಗೆ ಅಂತಲೇ, ದೇಶದ ಶಾಲೆಗಳಿಗೆ ಪಠ್ಯ ರೂಪಿಸುವ ಕೇಂದ್ರ ಸಂಸ್ಥೆ ಎನ್‌ಸಿಇಆರ್‌ಟಿಯವರು 2021ರಲ್ಲಿ ‘ವಿದ್ಯಾಪ್ರವೇಶ’ ಅನ್ನುವ ಕಾರ್ಯಕ್ರಮ ರೂಪಿಸಿದ್ದಾರೆ. ಎಲ್ಲಾ ಮಕ್ಕಳೂ ಎಲ್‌ಕೆಜಿ, ಯುಕೆಜಿ ಮುಗಿಸಿ ಬರುವುದಿಲ್ಲ. ಕೆಲವರು ಅಂಗನವಾಡಿಯಿಂದ, ಕೆಲವರು ನೇರ ಮನೆಯಿಂದ. ಅವರೆಲ್ಲರೂ ಮೊದಲು ಜೊತೆಯಲ್ಲಿ ಕೂರಬೇಕು, ಕಥೆ ಕೇಳಬೇಕು, ಬೆರಳಿಗೆ ಬಲ ಬರಬೇಕು, ದೊಡ್ಡದು ಚಿಕ್ಕದು, ಒಳಗೆ ಹೊರಗೆ ಅನ್ನುವುದು ಬಾಯಲ್ಲಿ ಬರಬೇಕು. ಗೆರೆ ಗೀಚಿದ ಆ ಎರಡು ಪುಟ ಸುಮ್ಮನೆ ಅಲ್ಲ, ಅಕ್ಷರಕ್ಕೆ ಮುಂಚಿನ ಕೈ ತಯಾರಿ. ಶಾಲೆ ಶುರುವಾದ ವಾರವೇ ಯಾರಾದರೂ ನಮಗೆ ಇದನ್ನು ಕೂರಿಸಿ ಹೇಳಿದ್ದರೆ ಆ ಟ್ಯೂಷನ್ ನಡೆಯುತ್ತಲೇ ಇರಲಿಲ್ಲ.

ವಯಸ್ಸಿನ ಮಾತೂ ಇಲ್ಲೇ ಹೇಳಬೇಕು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅಂತ ನಮ್ಮ ರಾಜ್ಯದಲ್ಲಿ 2022ರಲ್ಲೇ ಆದೇಶ ಆಯಿತು. 2025-26ರಿಂದ ಜಾರಿ ಅಂದಿದ್ದರು. ಆ ವರ್ಷ ಬಂದಾಗ ತಂದೆ ತಾಯಂದಿರ ಒತ್ತಾಯಕ್ಕೆ, ಅದೊಂದು ವರ್ಷಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಇಳಿಸಿದರು. ನಮ್ಮವಳಿಗೆ ಆರು ತುಂಬಿತ್ತು. ಅವಳ ಪಕ್ಕ ಕೂರುವ ಹುಡುಗನಿಗೆ ಐದೂವರೆ. ಈ ವಯಸ್ಸಿನಲ್ಲಿ ಆರು ತಿಂಗಳು ಅಂದರೆ ತುಂಬಾ ದೊಡ್ಡದು. ಅವನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಇನ್ನೂ ಬರುತ್ತಿರಲಿಲ್ಲ. ಅವನ ಅಮ್ಮ “ನಮ್ಮವನು ಹಿಂದೆ” ಅಂತ ಕೊರಗುವುದನ್ನು ಕೇಳಿದಾಗಲೆಲ್ಲ ನನ್ನ ಹೊಟ್ಟೆ ಚುರುಕ್ ಅನ್ನುತ್ತಿತ್ತು. ಅವನು ಹಿಂದೆ ಅಲ್ಲ, ಚಿಕ್ಕವನು.

ಮಗಳು ಕೊನೆಗೂ ಒಂದು ದಿನ ಅಕ್ಷರ ಕಲಿತು ಬಂದಳು. ಬಂದವಳೇ ಸ್ಲೇಟಿನ ಮೇಲೆ ‘ರ’ ಬರೆದು ತೋರಿಸಿದಳು. ನಾನು ಅದನ್ನು ಒರೆಸಿ ‘ಅ’ ಬರೆದುಕೊಟ್ಟೆ. “ಮೊದಲು ಇದು ಕಣೇ, ಆಮೇಲೆ ಆ, ಇ, ಈ. ರ ಬರೋದು ಕೊನೇಲಿ.”

“ಅಲ್ಲಮ್ಮ. ರ ಗ ಸ ದ ಅ,” ಅಂದಳು. ದನಿಯಲ್ಲಿ ಒಂಚೂರೂ ಅನುಮಾನ ಇರಲಿಲ್ಲ.

ಮಾರನೇ ದಿನ ಶಾಲೆಗೆ ಹೋದೆ. ಜಗಳಕ್ಕಲ್ಲ, ಆದರೆ ಜಗಳಕ್ಕೆ ಹತ್ತಿರದ ಮನಸ್ಸಿನಲ್ಲೇ. ಮೇಡಂ ನನ್ನನ್ನು ನೋಡಿ, “ಬನ್ನಿ, ಒಳಗೆ ಕೂತ್ಕೊಳ್ಳಿ. ಊಟದ ಹೊತ್ತಿನವರೆಗೂ ನೋಡಿ, ಆಮೇಲೆ ಮಾತಾಡೋಣ,” ಅಂದರು.

ಆ ಎರಡು ಗಂಟೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಬೆಂಚಿಲ್ಲ. ನೆಲದ ಮೇಲೆ ಗುಂಪು ಗುಂಪಾಗಿ ಸುತ್ತ ಕೂತಿದ್ದಾರೆ. ಗೋಡೆಯ ಕೆಳಭಾಗಕ್ಕೆಲ್ಲ ಕಪ್ಪು ಬಳಿದಿದ್ದಾರೆ, ಮಕ್ಕಳ ಕೈಗೆ ಎಟುಕುವಷ್ಟು ಎತ್ತರಕ್ಕೆ. ಅದು ಅವರ ಹಲಗೆ. ತಲೆಯ ಮೇಲೆ ದಾರ ಎಳೆದು ಚಪ್ಪರ ಮಾಡಿದ್ದಾರೆ. ಮಕ್ಕಳು ಮಾಡಿದ ಚಿತ್ರ, ಕಾಗದದ ಮೀನು ಎಲ್ಲಾ ಅದರಿಂದ ಇಳಿಬಿದ್ದಿವೆ. ಬೆಳಿಗ್ಗೆ ಬಂದ ಮಗು ತಾನೇ ಹೋಗಿ ತನ್ನ ಹಾಜರಿ ಗುರುತು ಮಾಡುತ್ತದೆ. ಇನ್ನೊಂದು ಮಗು ಆಕಾಶ ನೋಡಿ ಬಂದು ಹವಾಮಾನ ನಕ್ಷೆಯಲ್ಲಿ ಮೋಡವನ್ನೋ ಬಿಸಿಲನ್ನೋ ತೋರಿಸುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ, ಒಂದು ಕಾರ್ಡು. ಮಗು ಏಣಿಯಲ್ಲಿ ತಾನು ಎಲ್ಲಿದ್ದೇನೆ ನೋಡಿಕೊಂಡು, ತನ್ನ ಕಾರ್ಡು ತಾನೇ ಎತ್ತಿಕೊಂಡು, ತನ್ನ ಗುಂಪಿನಲ್ಲಿ ಹೋಗಿ ಕೂರುತ್ತದೆ.

ಗುಂಪುಗಳಿಗೆ ಅವರು ‘ತಟ್ಟೆ’ ಅನ್ನುತ್ತಾರೆ. ಒಂದನೇ ತಟ್ಟೆಯಲ್ಲಿ ಮೇಡಂ ಪೂರ್ತಿ ಜೊತೆಗಿರುತ್ತಾರೆ. ಅಲ್ಲಿಂದ ಮುಂದೆ ಅವರ ನೆರವು ಕಮ್ಮಿಯಾಗುತ್ತಾ, ಮಕ್ಕಳ ನೆರವು ಜಾಸ್ತಿಯಾಗುತ್ತಾ ಹೋಗಿ ಐದನೇ ತಟ್ಟೆಯಲ್ಲಿ ಮಗು ತಾನೇ ಕಲಿಯುತ್ತದೆ. ನಮ್ಮವಳಿಗೆ ಆ ದಿನ ಕಲಿಸುತ್ತಿದ್ದವಳು ಮೂರನೇ ತರಗತಿಯ ಒಬ್ಬ ಹುಡುಗಿ. ಅವಳು ಬೆರಳಿಟ್ಟು ‘ಸ’ ಅನ್ನುವಳು, ನಮ್ಮವಳು ‘ಸ’ ಅನ್ನುವಳು. ‘ರ’. ‘ರ’. ಆಮೇಲೆ ಇಬ್ಬರೂ ಸೇರಿ “ಸರ!” ಅಂತ ಕೂಗಿ, ಆ ದೊಡ್ಡ ಹುಡುಗಿ ತನ್ನ ಕತ್ತಿನ ಮಣಿಸರ ಎತ್ತಿ ತೋರಿಸಿದಳು.

ನನ್ನ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ಅ ಆ ಇ ಈ ಉ ಅಂತ ಐದು ಅಕ್ಷರ ಕಲಿತ ಮಗು ಎಷ್ಟು ಪದ ಓದಬಹುದು? ಬರೆದು ನೋಡಿ, ಹೆಚ್ಚೇನೂ ಸಿಗುವುದಿಲ್ಲ. ರ ಗ ಸ ದ ಅ ಕಲಿತ ಮಗು ಅದೇ ವಾರ ಸರ, ರಸ, ಅರಸ, ಅಗಸ, ದಸರ, ಸರಸರ ಎಲ್ಲಾ ಓದುತ್ತದೆ. ಆಕಾರವೂ ಒಂದಕ್ಕೊಂದು ಹತ್ತಿರ, ಬರೆಯಲು ಕೈಗೆ ಸುಲಭ. ಆಮೇಲೆ ಜ ವ ಮ ಬ ನ. ಅಷ್ಟರಲ್ಲಿ ದನ, ಮರ, ಜನ, ಬಸವ. ನಮ್ಮವಳು ದೇವಸ್ಥಾನದ ಗೋಡೆಯ ಮೇಲೆ ತಾನಾಗಿಯೇ ಮೊದಲು ಓದಿದ ಪದ ‘ಬಸವ’. ಅವತ್ತು ಪ್ರಸಾದ ಕೈಯಲ್ಲಿ ಹಿಡಿದುಕೊಂಡು ತಿನ್ನುವುದನ್ನೂ ಮರೆತು ಗೋಡೆ ನೋಡುತ್ತಾ ನಿಂತಿದ್ದಳು.

ಹೀಗೆ ಏಣಿ, ಕಾರ್ಡು, ತಟ್ಟೆ ಇಟ್ಟುಕೊಂಡು ಕಲಿಸುವ ಪದ್ಧತಿಯ ಹೆಸರು ನಲಿ-ಕಲಿ. ಇದು ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಯುನಿಸೆಫ್ ಬೆಂಬಲ ಇತ್ತು. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ಕಲಿಯುವುದನ್ನು ನೋಡಿ ಬಂದು, ನಮ್ಮ ಮಕ್ಕಳಿಗೆ ಹೊಂದುವ ಹಾಗೆ ತಾವೇ ಕೂತು ಕಾರ್ಡು ಬರೆದರು. 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಎಲ್ಲಾ ಕಡೆ ಇದು ಒಂದೇ ಥರ ಚೆನ್ನಾಗಿ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಒಬ್ಬರೇ ಮೇಡಂ, ಮೂರು ತರಗತಿ, ಜೊತೆಗೆ ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ. ಮೇಡಂ ರಜೆ ಹಾಕಿದ ದಿನ ಏಣಿ ಅಲ್ಲೇ ನಿಲ್ಲುತ್ತದೆ. ಆದರೂ ಹಳ್ಳಿ ಶಾಲೆಯ ಮೇಷ್ಟ್ರುಗಳು ತಾವೇ ಕಟ್ಟಿದ ಇಂಥದ್ದೊಂದು ಪದ್ಧತಿ ನಮ್ಮ ಊರಿನ ಕೋಣೆಯಲ್ಲಿದೆ ಅಂತ ಗೊತ್ತಿಲ್ಲದೇ ನಾನು ಅದನ್ನು ಒರೆಸಿ ಹಾಕಲು ಹೊರಟಿದ್ದೆನಲ್ಲ, ಅದಕ್ಕೆ ನನಗೆ ನಿಜಕ್ಕೂ ಬೇಸರವಾಯಿತು.

ಆವತ್ತು ಹೊರಡುವಾಗ ಮೇಡಂ ಅವರನ್ನು ಕೇಳಿದೆ. “ಹಾಗಾದ್ರೆ ಮನೇಲಿ ನಾವೇನು ಮಾಡಬೇಕು?”

ಅವರು ಹೇಳಿದ್ದು ಇಷ್ಟೇ. “ಬರೆಸಬೇಡಿ. ಮಾತಾಡಿಸಿ. ಅವಳು ಮನೆಯಿಂದ ಮಾತು ತಂದರೆ ಮಿಕ್ಕಿದ್ದು ನಾನು ನೋಡ್ಕೋತೀನಿ.”

ಮಾತಾಡಿಸುವುದು ಅಂದರೇನು ಅಂತ ನನಗೆ ತೋರಿಸಿಕೊಟ್ಟವರು ನಮ್ಮ ಅತ್ತೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು “ಏನು ಬರೆಸಿದರು” ಅಂತ ಕೇಳಿ “ಏನೂ ಇಲ್ಲ” ಅನ್ನಿಸಿಕೊಳ್ಳುತ್ತಿದ್ದ ಅದೇ ಸಂಜೆಗಳಲ್ಲಿ ಅವರು ಕೇಳುತ್ತಿದ್ದ ಪ್ರಶ್ನೆಯೇ ಬೇರೆ. “ಇವತ್ತು ಯಾರ ಪಕ್ಕ ಕೂತು ಉಂಡ್ಯವ್ವಾ?” ಇಷ್ಟು ಸಾಕು, ಮಗಳ ಬಾಯಿ ತೆರೆಯುತ್ತಿತ್ತು. ಯಾರು ಮೊಟ್ಟೆ ತಗೊಂಡರು, ಯಾರು ಬಾಳೆಹಣ್ಣು ತಗೊಂಡರು, ಸಾಂಬಾರಿನಲ್ಲಿ ಸೊಪ್ಪು ಯಾವುದಿತ್ತು, ಯಾರು ಅತ್ತರು, ಯಾಕೆ. “ಹನ್ನೊಂದು ಜನ ಮೊಟ್ಟೆ, ನಾಲ್ಕು ಜನ ಬಾಳೆಹಣ್ಣು.” “ಹಂಗಾದ್ರೆ ಒಟ್ಟು ಎಷ್ಟ್ ಜನ ಬಂದಿದ್ರು?” ಅವಳು ಬೆರಳು ಮಡಿಸುತ್ತಾ ಕೂರುವಳು. ಕೂಡುವ ಲೆಕ್ಕ ಅಡುಗೆಮನೆಯ ಹೊಸಿಲ ಮೇಲೆ ನಡೆಯುತ್ತಿತ್ತು. ನಾನು ಪಕ್ಕದಲ್ಲೇ ಒಲೆ ಮುಂದೆ ನಿಂತು, ಈ ಮಗು ಏನೂ ಕಲಿಯುತ್ತಿಲ್ಲ ಅಂತ ಚಿಂತೆ ಮಾಡುತ್ತಿದ್ದೆ.

ಅತ್ತೆ ಮಧ್ಯಾಹ್ನದ ಹೊತ್ತು ತೆಂಗಿನ ಗರಿ ಸೀಳಿ ಕಡ್ಡಿ ತೆಗೆದು ಪೊರಕೆ ಕಟ್ಟುತ್ತಾರೆ. ಆ ಕಡ್ಡಿಯಲ್ಲಿ ಒಂದಷ್ಟು ಮಗಳ ಪಾಲಿಗೆ ಬಂತು. ಶಾಲೆಯಲ್ಲಿ ಹತ್ತರ ಕಟ್ಟು, ಬಿಡಿ ಅಂತ ಹೇಳಿಕೊಟ್ಟಿದ್ದರಲ್ಲ, ಅವಳು ಹತ್ತತ್ತು ಕಡ್ಡಿಗೆ ಬಾಳೆನಾರು ಸುತ್ತಿ ಕಟ್ಟು ಮಾಡಿದಳು. ಮೂರು ಕಟ್ಟು, ನಾಲ್ಕು ಬಿಡಿ, ಮೂವತ್ತನಾಲ್ಕು. ಅಟ್ಟದ ಮೇಲಿದ್ದ ಅಳಗುಳಿ ಮಣೆಯೂ ಕೆಳಗಿಳಿಯಿತು. 14 ಗುಳಿ, ನಮ್ಮಲ್ಲಿ ಗುಳಿಗೆ ಐದು ಹುಣಸೆ ಬೀಜ, ಒಟ್ಟು 70. ಆಟ ಮುಗಿದ ಮೇಲೆ ಬೀಜ ಸರಿಯಾಗಿದೆಯಾ ಅಂತ ಎಣಿಸಿ ಡಬ್ಬಿಗೆ ಹಾಕುವ ಕೆಲಸ ಅವಳದು. ಒಂದು ಕಮ್ಮಿ ಬಂದರೂ ಅಜ್ಜಿ ಬಿಡುವುದಿಲ್ಲ. ಚಾಪೆ ಎತ್ತಿ ಹುಡುಕಲೇಬೇಕು.

ಅಕ್ಷರದ ವಿಷಯದಲ್ಲೂ ಹಾಗೆಯೇ ಆಯಿತು. ಕನ್ನಡದಲ್ಲಿ ವರ್ಣಮಾಲೆ 49 ಅಕ್ಷರ ಅಂತ ನಾವು ಸಲೀಸಾಗಿ ಹೇಳುತ್ತೇವೆ. ಮಗು ಗುರುತು ಹಿಡಿಯಬೇಕಾದದ್ದು ಅಷ್ಟೇ ಅಲ್ಲ, ಕಾಗುಣಿತ ಸೇರಿದರೆ ನಾನೂರು ದಾಟುತ್ತದೆ, ಒತ್ತಕ್ಷರ ಬೇರೆ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಅಕ್ಷರಗಳೆಲ್ಲ ಪೂರ್ತಿ ಕೈಗೆ ಬರಲು ಮಕ್ಕಳಿಗೆ ನಾಲ್ಕನೇ ತರಗತಿಯ ತನಕವೂ ಸಮಯ ಬೇಕಾಗುತ್ತದೆ ಅಂತ ಅದರಲ್ಲಿದೆ. ಇದನ್ನು ತಿಳಿದಾಗ ನನ್ನ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ನಾಲ್ಕು ವರ್ಷದ ದಾರಿಯನ್ನು ನಾನು ಜುಲೈ ತಿಂಗಳೊಂದರಲ್ಲೇ ಓಡಿಸಲು ನೋಡಿದ್ದೆ.

ಓದಲು ಕಣ್ಣಿಗಿಂತ ಮೊದಲು ಕಿವಿ ತಯಾರಾಗಬೇಕು. ‘ಮರ’ ಅಂದರೆ ಅದರಲ್ಲಿ ಎರಡು ತುಂಡು ಇದೆ, ಮ ಮತ್ತು ರ ಅಂತ ಕಿವಿಗೆ ತಿಳಿದರೆ ಮಾತ್ರ ಸ್ಲೇಟಿನ ಮೇಲಿನ ಎರಡು ಗುರುತಿಗೆ ಅರ್ಥ. ನಮ್ಮ ಆಡುಮಾತಿನ ಆಟಗಳೆಲ್ಲ ಇದನ್ನೇ ಮಾಡುತ್ತವೆ ಅಂತ ನನಗೆ ಈ ವರ್ಷವೇ ಹೊಳೆದದ್ದು. ನಾವು ಚಿಕ್ಕವರಿದ್ದಾಗ ‘ಪ’ ಭಾಷೆ ಆಡುತ್ತಿದ್ದೆವು, ನೆನಪಿದೆಯಾ? “ಪನಾಪನು ಪಮಪನೆಪಗೆ” ಅಂದರೆ “ನಾನು ಮನೆಗೆ.” ದೊಡ್ಡವರಿಗೆ ತಿಳಿಯದಿರಲಿ ಅಂತ ಆಡುತ್ತಿದ್ದ ಗುಟ್ಟಿನ ಮಾತು ಅದು. ಪ್ರತಿ ಅಕ್ಷರವನ್ನೂ ಬಿಡಿಸಿ, ಮುಂದೊಂದು ‘ಪ’ ಸೇರಿಸಿ, ಮತ್ತೆ ಜೋಡಿಸಬೇಕು. ನಾದಿನಿ ದಸರೆ ರಜೆಗೆ ಬಂದವಳು ಇದನ್ನು ಮಗಳಿಗೆ ಹತ್ತಿಸಿಬಿಟ್ಟಳು. ಎರಡು ದಿನ ಮನೆಯಲ್ಲಿ ಬೇರೆ ಮಾತೇ ಇಲ್ಲ. ಆಮೇಲೆ ಅಂತ್ಯಾಕ್ಷರಿ. ಹಾಡಿನದ್ದಲ್ಲ, ಪದದ್ದು. ಮರ, ರಸ, ಸರ, ರವೆ. ಅತ್ತೆಯ ಬಾಯಲ್ಲಿ ಪದಗಳು ಮುಗಿಯುವುದೇ ಇಲ್ಲ. ನಮಗೆ ಹೆಸರೇ ಗೊತ್ತಿಲ್ಲದ ಸೊಪ್ಪು, ಹುಲ್ಲು, ಹಕ್ಕಿ ಎಲ್ಲಾ ಅವರ ಹತ್ತಿರ ಇವೆ.

ಅವರು ಶಾಲೆಗೆ ಹೋಗಬೇಕಾಗಿ ಬಂದದ್ದು ಒಂದು ರಾಗಿ ಲೆಕ್ಕದಿಂದ. ನಮ್ಮ ಕಡೆ ಕಾಳು ಅಳೆಯುವಾಗ ‘ಒಂದು’ ಅನ್ನುವುದಿಲ್ಲ. ‘ಲಾಭ’ ಅನ್ನುತ್ತಾರೆ. ಲಾಭ, ಎರಡು, ಮೂರು. ಅತ್ತೆ ರಾಗಿ ಅಳೆಯುವಾಗ ಪಕ್ಕದಲ್ಲಿ ಕೂತು ಕೇಳಿದ್ದ ಮಗಳು ಶಾಲೆಯಲ್ಲಿ ಮಣಿ ಎಣಿಸುವಾಗ “ಲಾಭ, ಎರಡು, ಮೂರು” ಅಂದಿದ್ದಾಳೆ. ಮಕ್ಕಳೆಲ್ಲ ನಕ್ಕಿದ್ದಾರೆ. ಅವಳ ಕಣ್ಣಲ್ಲಿ ನೀರು ಬಂದಿದೆ.

ಇಲ್ಲಿ ಮೇಡಂ ಮಾಡಿದ್ದನ್ನು ನಾನು ಯಾವತ್ತೂ ಮರೆಯುವುದಿಲ್ಲ. “ತಪ್ಪು, ಒಂದು ಅನ್ನು,” ಅಂತ ತಿದ್ದಬಹುದಿತ್ತು. ಅದರ ಬದಲು “ಯಾರು ಹೇಳಿಕೊಟ್ಟರು?” ಅಂತ ಕೇಳಿದರು. ಸಂಜೆ ನಮ್ಮ ಮನೆಗೇ ಬಂದು ಜಗಲಿ ಮೇಲೆ ಕೂತು, “ಅಜ್ಜಿ, ಬ್ಯಾಗಿಲ್ಲದ ಶನಿವಾರ ನೀವು ಶಾಲೆಗೆ ಬರ್ತೀರಾ? ಸೇರು, ಪಾವು ತಗೊಂಡು ಬನ್ನಿ,” ಅಂದರು.

“ಅಯ್ಯೋ ಬಿಡ್ರವ್ವಾ, ನಾನೇನ್ ಓದಿದೀನಾ, ಇಸ್ಕೂಲಿಗೆ ಬಂದು ಏನ್ ಹೇಳ್ಲಿ?” ಅಂತ ಅತ್ತೆ ಒಳಗೆ ಹೋಗಿಬಿಟ್ಟರು. ಆದರೆ ಶನಿವಾರ ಬೆಳಿಗ್ಗೆ ಹಬ್ಬದ ಸೀರೆ ಉಟ್ಟು, ಸೇರು ಪಾವು ಎರಡನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ತಯಾರಾಗಿ ನಿಂತಿದ್ದರು.

ಸುತ್ತ ಮಕ್ಕಳು, ನಡುವೆ ಅತ್ತೆ, ಮುಂದೆ ಒಂದು ಮೊರದ ತುಂಬಾ ರಾಗಿ. ಎಷ್ಟು ಪಾವು ಹಾಕಿದರೆ ಒಂದು ಸೇರು ತುಂಬುತ್ತದೆ? ಎರಡು ಅಂದ ಒಬ್ಬ. ಹತ್ತು ಅಂದಳು ಒಬ್ಬಳು. ಅಳೆದು ನೋಡಿದರು, ನಾಲ್ಕು. ಹಾಗಾದರೆ ಅಚ್ಚೇರಿಗೆ? ಒಬ್ಬ ಹುಡುಗ ಅಳೆಯದೇ ಎರಡು ಅಂದ. ಅವನು ಯಾರು ಗೊತ್ತಾ? ಅದೇ, ಗುಂಡಿ ಹಾಕಿಕೊಳ್ಳಲು ಬಾರದಿದ್ದ ಹುಡುಗ. ಮೇಲಕ್ಕೆ ರಾಶಿ ಬರುವ ಹಾಗೆ ಅಳೆಯುವುದೇ ಬೇರೆ, ಕೈಯಿಂದ ಸವರಿ ಮಟ್ಟ ಮಾಡಿ ಅಳೆಯುವುದೇ ಬೇರೆ ಅಂತ ಅತ್ತೆ ತೋರಿಸಿದರು. ಮಟ್ಟ ಅಳೆದರೆ ಯಾರಿಗೆ ನಷ್ಟ ಅಂತ ಕೇಳಿದರು. ಕೂಲಿಗೆ ಹೋಗುವ ಮನೆಯ ಹುಡುಗಿಯೊಬ್ಬಳು ತಟ್ಟನೆ, “ಇಸ್ಕೊಳ್ಳೋರಿಗೆ,” ಅಂದಳು. ಕೊನೆಗೆ ಎಲ್ಲರೂ ಸೇರಿ “ಲಾಭ, ಎರಡು, ಮೂರು” ಅಂತ ಕೂಗಿ ಕೂಗಿ ಅಳೆದರು. ವಾರದ ಹಿಂದೆ ನಕ್ಕಿದ್ದ ಮಕ್ಕಳೇ ಅವರು.

ಶಾಲೆಯ ಸಭೆಗಳಿಗೂ ನಾನು ಈ ವರ್ಷ ತಪ್ಪದೇ ಹೋದೆ. ನಮ್ಮ ರಾಜ್ಯದಲ್ಲಿ 2001ರಿಂದಲೇ ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಂದಿರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಸಮಿತಿ ಇದೆ, ಸಹಿಯೂ ಆಗುತ್ತದೆ. ಮಾತು ಮಾತ್ರ ಕಾಂಪೌಂಡು, ಶೌಚಾಲಯ, ನೀರಿನ ಟ್ಯಾಂಕು ದಾಟುವುದಿಲ್ಲ. ಅವೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಒಂದನೇ ತರಗತಿಯ ಮಕ್ಕಳು ಏಣಿಯಲ್ಲಿ ಎಲ್ಲಿದ್ದಾರೆ, ಯಾರು ಎಲ್ಲಿ ನಿಂತಿದ್ದಾರೆ ಅಂತ ಒಬ್ಬರೂ ಕೇಳುವುದಿಲ್ಲ. ಗೋಡೆಯ ಮೇಲಿನ ಪ್ರಗತಿ ನೋಟ ಕಣ್ಣೆದುರಿಗೇ ಇದ್ದರೂ ಅದನ್ನು ಓದುವುದು ಹೇಗೆ ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ. ಸಭೆ ಇಡುವುದು ಬೆಳಿಗ್ಗೆ ಹನ್ನೊಂದಕ್ಕೆ. ಕಾಯಿ ಸುಲಿಯಲು ಹೋಗುವವರು ಅವತ್ತಿನ ಕೂಲಿ ಬಿಟ್ಟು ಬರಲು ಆಗುತ್ತದಾ? ಬರದವರನ್ನು “ಇವರಿಗೆ ಮಕ್ಕಳ ಮೇಲೆ ಕಾಳಜಿ ಇಲ್ಲ” ಅನ್ನುವುದನ್ನು ಕೇಳಿದ್ದೇನೆ. ನನಗೆ ಅದು ತಡೆಯಲಾಗದಷ್ಟು ನೋವು ಕೊಡುವ ಮಾತು. ರಾತ್ರಿ ಮಗುವಿನ ಬಾಯಿಂದ ಶಾಲೆಯ ಕಥೆ ಕೇಳುತ್ತಾ ಕೈ ತುತ್ತು ಕೊಡುವ ಅಮ್ಮಂದಿರು ಅವರು.

ಅಪ್ಪಂದಿರ ವಿಷಯ ಬೇರೆ. ನಮ್ಮ ಮನೆಯವರನ್ನೇ ತಗೊಳ್ಳಿ. ಅವರು ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಕೆಲಸ ಮಾಡುತ್ತಾರೆ. ಬರುವಾಗ ಎಂಟೂವರೆ, ಒಂಬತ್ತು. ಮಗಳು ಅಷ್ಟೊತ್ತಿಗೆ ಅರ್ಧ ನಿದ್ದೆಯಲ್ಲಿ. ಭಾನುವಾರ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಪೇಟೆಗೆ ಕರೆದೊಯ್ಯುವಾಗ ಅಂಗಡಿಗಳ ಬೋರ್ಡು ಓದಿಸುತ್ತಾರೆ. “ಸ ಎಲ್ಲಿದೆ ಹುಡುಕು ನೋಡೋಣ” ಅಂತ. ಅವಳಿಗೆ ಅದು ವಾರದ ಹಬ್ಬ. ಆದರೆ ವಾರಕ್ಕೆ ಅದೊಂದೇ ದಿನ.

ಹೋದ ತಿಂಗಳು ಮಗಳು ಅಡುಗೆಮನೆಯ ಬಾಗಿಲ ಹಿಂದೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಒಂದು ಪಟ್ಟಿ ಮಾಡಿದಳು. ಶಾಲೆಯಲ್ಲಿರುವ ಹಾಗೆ ಮನೆಗೂ ಹಾಜರಿ. ‘ಅಮಮ’, ‘ಅಜಜಿ’, ‘ಅಪಪ’ ಅಂತ ತಾನೇ ಬರೆದಿದ್ದಾಳೆ. ಒತ್ತಕ್ಷರ ಇನ್ನೂ ಬಂದಿಲ್ಲ. ನಾನು ತಿದ್ದಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಯಾರಿದ್ದಾರೋ ಅವರಿಗೆ ರೈಟು, ಇಲ್ಲದವರಿಗೆ ಅಡ್ಡಗೆರೆ. ನನ್ನದು, ಅತ್ತೆಯದು ಪೂರ್ತಿ ರೈಟು. ಮೂರನೇ ಸಾಲಿನಲ್ಲಿ ಭಾನುವಾರ ಬಿಟ್ಟರೆ ಬರೀ ಅಡ್ಡಗೆರೆ. ಅವಳು ಅದನ್ನು ದೂರಾಗಿ ಬರೆದದ್ದಲ್ಲ. ಇದ್ದದ್ದನ್ನು ಗುರುತು ಮಾಡಿದ್ದಾಳೆ, ಮೋಡ ಇದ್ದ ದಿನ ಮೋಡ ತೋರಿಸುವ ಹಾಗೆ.

ಒಂದು ರಾತ್ರಿ ಅವರು ಕೈ ತೊಳೆದು ಬಂದು ಟವೆಲ್ಲಿಗೆ ಅಂತ ಬಾಗಿಲು ಎಳೆದಾಗ ಅದನ್ನು ನೋಡಿದರು. ತುಂಬಾ ಹೊತ್ತು ನೋಡುತ್ತಾ ನಿಂತಿದ್ದರು. ಏನೂ ಮಾತಾಡಲಿಲ್ಲ.

ನಿನ್ನೆ ಗುರುವಾರ. ತಟ್ಟೆ ಹಾಕುವ ಹೊತ್ತಿಗೆ, ಏಳೂವರೆಗೇ, ಸ್ಕೂಟರಿನ ಸದ್ದಾಯಿತು. ಮಗಳು ಬಾಗಿಲಿಗೆ ಓಡಲಿಲ್ಲ. ಚಾಕ್‌ಪೀಸ್ ಹುಡುಕಲು ಓಡಿದಳು.